ಹೊಗೆಯಿಲ್ಲದ ಹಾರಾಟ

ಕಮಲಾಪುರದ ನಾಗಭೂಷಣನ ಎಂಜಿನ್ ಹೊಗೆ ಬಿಡುತ್ತಿತ್ತು. ಬಿಡಲೇಬೇಕಿತ್ತು. ಆ ಎರಡನೆಯ ಮಾತನ್ನು ಅವನು ಗಟ್ಟಿಯಾಗಿ ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಎಂಜಿನ್ ಎಂದರೆ ದೊಡ್ಡದೇನಲ್ಲ, ಆಟದ ವಿಮಾನದ ಮೂತಿಗೆ ಕೂರಿಸುವಂಥದು, ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ಕುಡಿಯುವುದು ಹರಳೆಣ್ಣೆ ಬೆರೆಸಿದ ಮೆಥನಾಲ್. ಮಗ್ಗುಲಲ್ಲೊಂದು ಸಣ್ಣ ಸೂಜಿ. ಅದನ್ನು ತಿರುವಿದಂತೆ ಕುಡಿಯುವುದು ಹೆಚ್ಚು ಕಡಿಮೆಯಾಗುತ್ತದೆ. ಎಂಟು ತಿಂಗಳಿಂದ ಪ್ರತಿ ಐತವಾರ ನಾಗಭೂಷಣ ಅದನ್ನು ಹಿತ್ತಲಿನ ಹಲಗೆಗೆ ಬಿಗಿದು, ಓಡಿಸಿ, ಕಿವಿಗೊಟ್ಟು ಕೇಳಿ, ಸೂಜಿಯನ್ನು ಕೂದಲೆಳೆಯಷ್ಟು ತಿರುವಿ, ಮತ್ತೆ ಓಡಿಸುತ್ತಿದ್ದ. ವಿಮಾನ ಮಾತ್ರ ಗೋಡೆಯ ಮೊಳೆಗೆ ನೇತುಬಿದ್ದು ಹಲ್ಲಿಗಳಿಗೆ ಸೂರಾಗಿತ್ತು.

ಹರಳೆಣ್ಣೆಯ ವಾಸನೆ ಓಣಿಯೆಲ್ಲ ಹರಡುತ್ತಿತ್ತು. ಪಕ್ಕದ ಮನೆಯ ಉಚ್ಚೆಂಗಮ್ಮ ಗೋಡೆಯಾಚೆಯಿಂದ ಇಣುಕಿ, "ಯವ್ವಾ ಚಂದ್ರಕಲಾ, ಗಂಡಗ ವಾರವಾರ ಭೇದಿಗಿ ಕೊಡ್ತೀಯೇನ? ಹಿಂಗಾದ್ರ ಮನಷ್ಯ ಉಳಿತಾನಾ?" ಎಂದು ಕೇಳುತ್ತಿದ್ದಳು.

ಕೊನೆಗೆ ಚಂದ್ರಕಲಾ ಗಂಡನಿಗೆ ಗಡುವು ಹಾಕಿದಳು. "ಈ ಐತವಾರ ಹಾರಿದ್ರ ಹಾರಿತು. ಇಲ್ಲಂದ್ರ ಸಂಜಿ ಐದಕ್ಕ ಸಂಡೂರಿನ ಹಾಲೇಶಣ್ಣ ಬಂದು ಎಂಜಿನ್ ಒಯ್ತಾರ. ಫೋನ್ ಮಾಡೀನಿ."

ಹಾಲೇಶನೇ ನಾಗಭೂಷಣನಿಗೆ ಈ ಹುಚ್ಚು ಹಿಡಿಸಿದವನು. ಆ ಎಂಜಿನ್ ಮೇಲೆ ಅವನ ಕಣ್ಣು ಮೊದಲಿಂದಲೂ ಇತ್ತು.

"ಇನ್ನೊಂದೆರಡು ವಾರ ಕೊಟ್ರ..."

"ಎಂಟು ತಿಂಗಳಾತ್ರಿ! ನಮ್ಮ ಮಗಳು ಸ್ಫೂರ್ತಿ ಎಂಟು ತಿಂಗಳಿಗೆ ಅಂಬೆಗಾಲಿಟ್ಟು ಮನಿಯೆಲ್ಲ ತಿರಗ್ತಿದ್ಲು."

ವಾರದ ಆರು ದಿನ ನಾಗಭೂಷಣ ದೊಡ್ಡಬಸಪ್ಪನವರ ರೈಸ್‌ಮಿಲ್ಲಿನಲ್ಲಿ ಮೋಟರುಗಳ ಗದ್ದಲ ಕೇಳುತ್ತಿದ್ದ. ಏಳನೆಯ ದಿನದ ಸದ್ದೊಂದೇ ಅವನದು. ಅದೂ ಹೋದರೆ ಐತವಾರ ಏನು ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ.

ಓಣಿಯ ಹಿಂದೆ ದೊಡ್ಡಬಸಪ್ಪನವರದೇ ಕೊಯ್ದ ಗದ್ದೆ. ಕೇಳಿದ ಕೂಡಲೇ ಕೊಟ್ಟರು. ಗದ್ದೆಯ ಜೊತೆಗೆ ತಾವೂ ಬಂದರು.

ಐತವಾರ ನಾಲ್ಕು ಗಂಟೆಗೆ ನಾಗಭೂಷಣ ಎಂಜಿನ್ನನ್ನು ವಿಮಾನದ ಮೂತಿಗೆ ಕೂರಿಸಿ, ಅದರ ಪಂಖವನ್ನು ಬೆರಳಿಂದ ಚಿಮ್ಮಿದ. ಎಂಜಿನ್ ಚಾಲೂ ಆಯಿತು. ಗಂಟಲು ಕಟ್ಟಿದ ಹುಂಜದ ದನಿ, ಹಿಂದೆ ಬಿಳಿ ಹೊಗೆ. ಅವನ ಲೆಕ್ಕದಲ್ಲಿ ಎಲ್ಲ ಸರಿಯಾಗಿತ್ತು. ದೊಡ್ಡಬಸಪ್ಪನವರ ಮುಖ ಮಾತ್ರ ಹುಣಸೆಹಣ್ಣು ನೆಕ್ಕಿದಂತಾಯಿತು.

"ಲೇ ಭೂಷಣ, ಹೊಗಿ ನೋಡಲೇ! ನಮ್ಮ ಮಿಲ್ಲಿನ ಡೀಸೆಲ್ ಎಂಜಿನ್ ಇಷ್ಟು ಹೊಗಿ ಬಿಟ್ಟಿದ್ರ ಅವತ್ತ ಗುಜರಿಗೆ ಹಾಕ್ತಿದ್ದೆ."

"ಸಾವ್ಕಾರ್ರ, ಇದಕ್ಕ ಬ್ಯಾರೆ ಎಣ್ಣಿ ಹಾಕಂಗಿಲ್ರಿ. ಕುಡಿಯೋದ್ರಾಗ ಇರೋ ಎಣ್ಣೀನ ಪಿಸ್ಟನ್ನಿಗೆ ಹತ್ತಬೇಕು. ಹೊಗಿ ಬಂದ್ರ ಎಣ್ಣಿ ಮುಟ್ಟೇತಿ ಅಂತ."

"ಅದನ್ನ ನಾನೂ ಹೇಳೋದು. ಎಣ್ಣಿ ಸುಡಾಕತ್ತೈತಿ!"

ಈ ವಿಮಾನಕ್ಕೆ ಎರಡು ಉದ್ದನೆಯ ತಂತಿ. ಹಾರಿಸುವವನು ಅರವತ್ತು ಅಡಿ ದೂರದಲ್ಲಿ, ಗದ್ದೆಯ ನಡುವೆ ಅದರ ಹಿಡಿಕೆ ಹಿಡಿದು ನಿಲ್ಲಬೇಕು. ವಿಮಾನ ಅವನ ಸುತ್ತ ತಿರುಗುತ್ತದೆ. ಅವನು ಹೋಗಿ ಹಿಡಿಕೆ ಹಿಡಿಯುವವರೆಗೆ ಇನ್ನೊಬ್ಬರು ವಿಮಾನವನ್ನು ನೆಲದ ಮೇಲೆ ಒತ್ತಿ ಹಿಡಿದಿರಬೇಕು. ಆ ಕೆಲಸಕ್ಕೆ ದೊಡ್ಡಬಸಪ್ಪನವರು ಆಗಲೇ ಪಂಚೆ ಎತ್ತಿ ಕಟ್ಟಿದ್ದರು.

"ನಾ ಕೈ ಎತ್ತಿದಾಗ ಬಿಡ್ರಿ," ಎಂದ ನಾಗಭೂಷಣ. ಸೂಜಿ ಮುಟ್ಟಬ್ಯಾಡ್ರಿ ಎಂಬ ಮಾತು ತುಟಿಯವರೆಗೆ ಬಂತು. ವಾರವೆಲ್ಲ ಹೂಂ ರೀ ಎನ್ನುವ ಬಾಯಿಂದ ಐತವಾರ ಬ್ಯಾಡ್ರಿ ಹೊರಡುವುದು ಕಷ್ಟ. "ಗಟ್ಟಿ ಹಿಡ್ಕೊಳ್ರಿ," ಎಂದಷ್ಟೇ ಹೇಳಿ ನಡೆದ.

ನಡುವೆ ಹೋಗಿ ಹಿಡಿಕೆ ಎತ್ತಿಕೊಂಡು ತಿರುಗಿದಾಗ ದೊಡ್ಡಬಸಪ್ಪನವರ ಎರಡು ಬೆರಳು ಸೂಜಿಯ ಮೇಲಿದ್ದವು. ನಲವತ್ತು ವರ್ಷದಲ್ಲಿ ಅವರು ಹೊಗೆ ಬಿಡುವ ಎಂಜಿನ್ನನ್ನು ಹಾಗೇ ಬಿಟ್ಟು ಬಂದವರಲ್ಲ. ಹೊಗೆ ತೆಳುವಾಯಿತು, ಆಮೇಲೆ ಇಲ್ಲವಾಯಿತು. ಎಂಜಿನ್ನಿನ ಗಂಟಲು ಬಿಚ್ಚಿಕೊಂಡಿತು. ಅದು ಹಾಡತೊಡಗಿತು, ಇಡೀ ಓಣಿ ಗೋಡೆ ಹತ್ತಿ ನೋಡುವಂತೆ.

"ಮಸ್ತ್!" ಎಂದು ಯಾರೋ ಕೂಗಿದರು. ಉಚ್ಚೆಂಗಮ್ಮ ಚಪ್ಪಾಳೆ ತಟ್ಟಿದಳು. ಮಾಳಿಗೆಯ ಮೇಲೆ ಚಂದ್ರಕಲಾ ಬಾಯಿ ಮೇಲೆ ಕೈಯಿಟ್ಟು ನಿಂತಿದ್ದಳು.

ನಾಗಭೂಷಣನಿಗೆ ಗೊತ್ತಿತ್ತು. ಅದು ಎಣ್ಣೆ ಸಾಲದೆ ಬಾಯಾರಿದ ಎಂಜಿನ್ನಿನ ಹಾಡು. ಹಿಡಿಕೆ ಕೆಳಗಿಟ್ಟು ಓಡಿದ್ದರೆ ಅರೆ ನಿಮಿಷದಲ್ಲಿ ಸರಿಪಡಿಸಬಹುದಿತ್ತು. ಆದರೆ ಎಂಟು ತಿಂಗಳಲ್ಲಿ ಅವನು ಒಮ್ಮೆಯೂ ಅದನ್ನು ಹೀಗೆ ಹಾಡಲು ಬಿಟ್ಟಿರಲಿಲ್ಲ. ಅವನಿಗಾಗಿ ಯಾರೂ ಚಪ್ಪಾಳೆ ತಟ್ಟಿರಲೂ ಇಲ್ಲ.

ಅವನು ಕೈ ಎತ್ತಿದ.

ವಿಮಾನ ಎದ್ದಿತು. ಕಣದ ನಡುವಿನ ಮೇಟಿ ಕಂಬದಂತೆ ಅವನು ನಿಂತಲ್ಲೇ ಸುತ್ತಿದ. ವಿಮಾನ, ಬಾಲಕ್ಕೆ ಬೆಂಕಿ ಬಿದ್ದ ಎತ್ತಿನಂತೆ ಅವನನ್ನು ಸುತ್ತಿತು. ಗದ್ದೆ, ಗೋಡೆ, ಉಚ್ಚೆಂಗಮ್ಮ, ಬಾಳೆತೋಟ, ಮತ್ತೆ ಉಚ್ಚೆಂಗಮ್ಮ. ಹನ್ನೊಂದು ಸುತ್ತು. ಹನ್ನೆರಡನೆಯದರಲ್ಲಿ ಹಾಡು ಸಣ್ಣಗಾಗಿ, ಬಿಕ್ಕಿ, ನಿಂತಿತು. ವಿಮಾನ ಅರ್ಧ ಸುತ್ತು ತೇಲಿ, ಕೊಕ್ಕರೆಯ ಹಾಗೆ ಕೂಳೆಯ ಮೇಲೆ ಮೆತ್ತಗೆ ಕುಳಿತಿತು. ಅವನೇ ನಿಲ್ಲಿಸಿದನೆಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

"ಎಂಟು ತಿಂಗಳ ನೀ ತಿರುವಿದಿ, ನಾ ಎರಡು ಬೆರಳಾಗ ಮುಗಿಸಿದೆ!" ಎಂದು ದೊಡ್ಡಬಸಪ್ಪನವರು ಬೆನ್ನು ತಟ್ಟಿದರು. ನಾಗಭೂಷಣ ಪಂಖಕ್ಕೆ ಬೆರಳು ಹಚ್ಚಿ ತಿರುವಿ ನೋಡಿದ. ಅಲುಗಲಿಲ್ಲ. ಒಳಗೆ ಪಿಸ್ಟನ್ ಸುಟ್ಟು ಕಚ್ಚಿಕೊಂಡಿತ್ತು.

"ಹೂಂ ರೀ," ಎಂದ.

ಮನೆಯ ಕಡೆ ಬರುತ್ತ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಾರಿದ್ದಂತೂ ಹಾರಿತು, ಇನ್ನು ಹಾಲೇಶನಿಗೆ ಕೊಡಬೇಕಿಲ್ಲ. ಅಡುಗೆಮನೆಯ ಅಟ್ಟದ ಮೇಲೆ ಬಿಸ್ಕೀಟು ಡಬ್ಬಿಯಲ್ಲಿ ಹೊಸ ಪಿಸ್ಟನ್ ಮತ್ತು ಅದು ಓಡಾಡುವ ಸ್ಲೀವ್ ಇದೆ. ಈ ಎಂಜಿನ್ ಮಾಡುವುದನ್ನೇ ಕಂಪನಿ ನಿಲ್ಲಿಸಿ ವರ್ಷಗಳಾಗಿದ್ದವು. ಎಲ್ಲೆಲ್ಲೋ ಕೇಳಿ, ಕಾದು, ಒಂದೇ ಒಂದು ಜೊತೆ ಸಿಕ್ಕಿತ್ತು. ಯಾರಿಗೂ ಹೇಳದೆ ಎರಡು ಐತವಾರ ಕೂತರೆ ಜೀವ ಬರುತ್ತದೆ.

ಓಣಿಯ ತಿರುವಿನಲ್ಲಿ ಹಾಲೇಶ ಬೈಕಿನ ಮೇಲೆ ಎದುರಾದ. ನಗುತ್ತ ಕೈ ಬೀಸಿ ಸಂಡೂರಿನ ದಾರಿ ಹಿಡಿದ.

ಬಾಗಿಲಲ್ಲಿ ಚಂದ್ರಕಲಾಳ ಕಣ್ಣು ಒದ್ದೆಯಾಗಿತ್ತು. "ರೀ, ಮಾಳಿಗಿ ಮ್ಯಾಲಿಂದ ನೋಡಿದೆ. ಅದು ಹಾಡಿತ್ರಿ! ಇಷ್ಟು ದಿನ ಬೈದೆನಲ್ಲ ಅಂತ ಭಾಳ ಕೆಟ್ಟ ಅನಸ್ತು. ಕೊಡಂಗಿಲ್ಲಣ್ಣ ಅಂದುಬಿಟ್ಟೆ."

"ಚಲೋ ಆತು."

"ಪಾಪ, ಅಷ್ಟು ದೂರದಿಂದ ಬಂದೋರನ್ನ ಬರಿಗೈಲೆ ಹ್ಯಾಂಗ ಕಳಸೋದು? ಅವರ ಹತ್ರಾನೂ ಇಂಥದ್ದ ಎಂಜಿನ್ ಐತಂತ, ಪಿಸ್ಟನ್ ಹೋಗೇತಂತ. ಅಟ್ಟದ ಮ್ಯಾಲಿನ ಬಿಸ್ಕೀಟ್ ಡಬ್ಬಿ ಕೊಟ್ಟು ಕಳಿಸಿದೆ. ನಿಮ್ಮದು ಸಾವ್ಕಾರ್ರು ಸರಿ ಮಾಡ್ಯಾರಂತಲ್ಲ, ಉಚ್ಚೆಂಗಮ್ಮ ಹೇಳಿದ್ಲು."

ನಾಗಭೂಷಣ ದಾರಿಯ ಕಡೆ ನೋಡಿದ. ಬೈಕಿನ ಧೂಳೂ ಕೂತುಹೋಗಿತ್ತು.

"ಯಾಕ್ರೀ? ತಪ್ಪು ಮಾಡಿದ್ನಾ?"

ಅದು ಹಾಡಿತ್ರಿ ಎಂದದ್ದು, ಎಂಟು ತಿಂಗಳಲ್ಲಿ ಅವನ ಎಂಜಿನ್ನಿನ ಬಗ್ಗೆ ಅವಳು ಆಡಿದ ಮೊದಲ ಒಳ್ಳೆಯ ಮಾತು.

"ಏ ಇಲ್ಲ. ಚಲೋ ಮಾಡಿದಿ," ಎಂದ ಅವನು.

"ಹಂಗಾರ ಇನ್ನೊಮ್ಮೆ ಚಾಲೂ ಮಾಡ್ರಿ. ನಾ ಹತ್ರ ಕೂತು ಕೇಳಬೇಕು."

ಚಂದ್ರಕಲಾ ಹಿತ್ತಲಿಗೆ ಎರಡು ಮಣೆ ತಂದು ಹಾಕಿದಳು. ಒಂದರ ಮೇಲೆ ತಾನು ಕುಳಿತು, ಇನ್ನೊಂದಕ್ಕೆ ಉಚ್ಚೆಂಗಮ್ಮನನ್ನು ಕರೆದಳು.