ಸಾವಿಲ್ಲದ ನೈಲಾನು ಹಗ್ಗ

ಹೇ ಹಗ್ಗಲಕ್ಷ್ಮಿಯೇ! ತೆಂಗಿನ ನಾರಿನ ಯುಗವಳಿದು ನೈಲಾನಿನ ಯುಗ ನೆಲೆಗೊಂಡ ಈ ಪುಣ್ಯಕಾಲದಲ್ಲಿ, ಗಂಗೊಳ್ಳಿಯ ಅಳಿವೆದಂಡೆಯೊಳು ಮೆರೆಯುವ ಮತ್ಸ್ಯಕುಲಭಯಂಕರನೂ ಮಧ್ಯಾಹ್ನನಿದ್ರಾಲೋಲನೂ ಆದ ಜಟ್ಟಪ್ಪನ ಧರ್ಮಪತ್ನಿ, ಸೌಟುಧಾರಿಣಿ ದಾರಮ್ಮನ ಸಾಹಸವನ್ನು ಹಾಡಿಸು. ಈ ಬಡ ನಾಲಿಗೆಗೆ ಬಲ ಕೊಡು.

ಆ ವೀರನ ದೋಣಿಯ ಹಾಯಿಯನ್ನು ಮೇಲಕ್ಕೆಳೆದು ನಿಲ್ಲಿಸುವ ಹಗ್ಗವೋ, ಹಲವು ಬೇಸಗೆಗಳ ಸೂರ್ಯಬಾಣಗಳಿಗೆ ಮೈಯೊಡ್ಡಿ, ಬಣ್ಣಗೆಟ್ಟು, ಮುಟ್ಟಿದರೆ ಪುಡಿ ಉದುರುವಂತಾಗಿತ್ತು. ಮರುದಿನವೇ ಹಾಯಿದೋಣಿಗಳ ಪಂದ್ಯ. ಹಗ್ಗ ಹರಿದರೆ ಹಾಯಿ ಕಟ್ಟಿದ ಬಿದಿರು ಗಂಡನ ನೆತ್ತಿಗೇ ಬೀಳುವುದೆಂದು ದಾರಮ್ಮನಿಗೆ ಜೀವ ಬಾಯಿಗೆ ಬಂದಿತ್ತು.

"ಹ್ವಾಯ್, ಹೊಸ ಹಗ್ಗ ತಂದಿದ್ದೆ. ಕಟ್ಟಿ ಮರಾಯ್ರೆ. ಅದ್ ತಲಿ ಮೇಲ್ ಬೀಳತ್ತ್!"

ಸಿಟ್ಟು ಬಂದರೆ ಜಟ್ಟಪ್ಪನ ಬಾಯಲ್ಲಿ ಬಯಲಾಟದ ವೇಷದ ಮಾತೇ ಬರುವುದು ರೂಢಿ. ಮಂಚದಿಂದೆದ್ದು, ಲುಂಗಿ ಎತ್ತಿ ಕಟ್ಟಿ, ಮೀಸೆ ತಿರುವಿ ಗರ್ಜಿಸಿದನು.

"ಎಲೌ ನಾರೀಮಣಿ! ನಾರಿನ ಹಗ್ಗ ಕೊಳೆತೀತು, ಹತ್ತಿಯದು ಬೂಸ್ಟು ಹಿಡಿದೀತು, ನೈಲಾನಿಗೆ ಮರಣವುಂಟೆ? ಇದು ಹರಿದ ದಿನ ಈ ಜಟ್ಟಪ್ಪ ಮೀಸೆ ಬೋಳಿಸಿಯಾನು! ಹೊಸತನ್ನು ಒಯ್ದು ಬಟ್ಟೆ ಒಣಗಿಸಲು ಕಟ್ಟಿಕೋ!"

ಹೀಗೆಂದು ಬಂಗುಡೆ ಸಾರಿನಲ್ಲಿ ಹೊಟ್ಟೆ ತುಂಬ ಉಂಡು, ಗೊರಕೆಯಿಂದ ಹೆಂಚುಗಳನ್ನು ನಡುಗಿಸುತ್ತ ಮಲಗಿದನು.

ಆಗ ದಾರಮ್ಮ ಕಾರ್ಯಕ್ಕಿಳಿದಳು. ದೊಡ್ಡ ಪಾತ್ರೆಯಲ್ಲಿ ಚಹಾಪುಡಿ ಕುದಿಸಿ, ಹೊಸ ಹಗ್ಗವನ್ನು ಅದ್ದಿ, ಅಳಿವೆಯ ಕೆಸರು ತಿಕ್ಕಿ ಅದಕ್ಕೆ ಮುಪ್ಪು ಬರಿಸಿದಳು. ದೋಣಿ ಹತ್ತಿ, ಹಳೆಯದರ ಬಾಲಕ್ಕೆ ಹೊಸದರ ತಲೆ ಕಟ್ಟಿ ಎಳೆದಳು. ಹಾಯಿಮರದ ತುದಿಯ ತೂತಿನಲ್ಲಿ ಒಂದು ಇಳಿಯಿತು, ಒಂದು ಏರಿತು. ಆ ದಂಡೆಯಲ್ಲಿ ಹಗ್ಗ ಬಿಸಾಡುವ ಪದ್ಧತಿಯಿಲ್ಲ. ದೋಣಿಯಿಂದ ನಿವೃತ್ತವಾದದ್ದು ಅಂಗಳದಲ್ಲಿ ಬಟ್ಟೆ ಹೊರಬೇಕು. ಹಳೆಯದನ್ನು ಎರಡು ತೆಂಗಿನ ಮರಗಳ ನಡುವೆ ಬಿಗಿದಳು.

ಮರುದಿನ ಪಡುಗಾಳಿ ಭೋರ್ಗರೆಯಿತು. ಹಾಯಿ ಉಬ್ಬಿತು. ದಾರಮ್ಮ ದಡದಲ್ಲಿ ಕಣ್ಣುಮುಚ್ಚಿ ನಿಂತಳು. ತೆರೆಯುವಷ್ಟರಲ್ಲಿ ಜಟ್ಟಪ್ಪನ ದೋಣಿ ಎಲ್ಲರಿಗಿಂತ ಮುಂದೆ ಗುರಿ ಮುಟ್ಟಿತ್ತು.

"ಕಂಡಿರೇ ಶೂರರೇ! ಹಗ್ಗ ಬದಲಿಸುವವರು ಹೇಡಿಗಳು! ನೈಲಾನು ಅಮರ!" ಎಂದು ಅವನು ದಂಡೆ ಬಿರಿಯುವಂತೆ ಕೂಗಿದನು. ದಾರಮ್ಮ ನಗು ನುಂಗಿಕೊಂಡಳು. ಗಂಡ ನೆತ್ತಿ ಸಹಿತ ಮರಳಿದ್ದು ಅವಳಿಗೆ ಎಲ್ಲ ಬಹುಮಾನಕ್ಕಿಂತ ದೊಡ್ಡದಾಗಿತ್ತು.

ಮನೆಗೆ ಬಂದು, ಟವೆಲು ಸುತ್ತಿಕೊಂಡ ಆ ವಿಜಯಶಾಲಿ ಒದ್ದೆ ಲುಂಗಿಯನ್ನು ಹಿಂಡಿ, ಶತ್ರುವಿನ ಧ್ವಜವನ್ನು ಎಸೆಯುವಂತೆ ಅಂಗಳದ ಹಗ್ಗದ ಮೇಲೆಸೆದನು.

ಟಪ್!

ಲುಂಗಿ, ಹಗ್ಗ ಎರಡೂ ಕೋಳಿ ಕೆದರಿದ ಕೆಸರಿನಲ್ಲಿ ಬಿದ್ದವು. ಜಟ್ಟಪ್ಪ ಬಗ್ಗಿ ನೋಡಿದನು. ಹಗ್ಗದ ತುದಿಗೆ, ಎಂದೋ ದೋಣಿಗೆ ಕಟ್ಟುವಾಗ ತಾನೇ ಸುತ್ತಿದ್ದ ಕೆಂಪು ನೂಲು. ದೋಣಿಯ ಕಡೆ ನೋಡಿದನು. ಆಮೇಲೆ ಹೆಂಡತಿಯ ಕಡೆ.

"ಸತ್ತದ್ದಲ್ಲ ಬಿಡಿ," ಎಂದಳು ದಾರಮ್ಮ, "ಮನಿಕಂಡದ್ದ್."

ಮತ್ಸ್ಯಕುಲಭಯಂಕರನು ಒಂದು ಕೈಯನ್ನು ಮೀಸೆಗೆ ಅಡ್ಡ ಹಿಡಿದು, ಇನ್ನೊಂದರಲ್ಲಿ ಲುಂಗಿ ಎತ್ತಿಕೊಂಡು, ಮತ್ತೆ ಒಗೆಯಲು ಬಾವಿಕಟ್ಟೆಗೆ ಹೋದನು.