ದಿನಕ್ಕೆ ಮೂರು ಸಲ, ಊಟದ ನಂತರ

ಇವತ್ತು ಮಾಡಿದ ಕೆಲಸಗಳು: ಹಾಲು ಕಾಯಿಸಿದ್ದು, ಕ್ಲಿನಿಕ್ಕಿನ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟದ್ದು, ಇಡ್ಲಿ ಬೇಯಿಸಿದ್ದು, ಚಟ್ನಿಗೆ ಒಗ್ಗರಣೆ ಹಾಕಿದ್ದು, ಐವತ್ತು ಟೋಕನ್ನುಗಳನ್ನು ಒರೆಸಿ ಜೋಡಿಸಿದ್ದು, ಬಿ.ಪಿ. ನೋಡುವ ಯಂತ್ರಕ್ಕೆ ಬ್ಯಾಟರಿ ಬದಲಾಯಿಸಿದ್ದು, ನಮ್ಮಕ್ಕನಿಗೆ ರಾಜೀನಾಮೆ ಕೊಟ್ಟದ್ದು.

ಕೊನೆಯದನ್ನು ಓದಿ ನಗಬೇಡಿ. ಒಂದೇ ಮನೆಯಲ್ಲಿರುವ ಒಡಹುಟ್ಟಿದವಳಿಗೆ ರಾಜೀನಾಮೆ ಹೇಗೆ ಕೊಡುವುದು ಅಂತೀರಾ? ಬಿಳಿ ಹಾಳೆಯ ಮೇಲೆ 'ಮಾನ್ಯರೇ' ಅಂತ ಬರೆದು ಇಡ್ಲಿ ತಟ್ಟೆಯ ಪಕ್ಕದಲ್ಲಿ ಇಡುವುದು, ಅಷ್ಟೇ!

ನಮ್ಮಕ್ಕ ಕುಣಿಗಲ್ಲಿನಲ್ಲಿ ಡಾಕ್ಟರು. ಕೆಳಗೆ ಕ್ಲಿನಿಕ್ಕು, ಮೇಲೆ ನಾವಿಬ್ಬರು. ಅವಳು ಮದುವೆಯಾಗಲಿಲ್ಲ, ನನ್ನ ಗಂಡ ತೀರಿಕೊಂಡ ಮೇಲೆ ನಾನು ಬಂದು ಸೇರಿಕೊಂಡೆ. ಹನ್ನೊಂದು ವರ್ಷದಿಂದ ಟೋಕನ್ ಮೇಜು ನನ್ನದು. ಅಕ್ಕನಷ್ಟು ಗಟ್ಟಿಗಿತ್ತಿಯನ್ನು ನಾನು ನೋಡಿಲ್ಲ, ಅವಳಷ್ಟು ಪುಕ್ಕಲಿಯನ್ನೂ ನೋಡಿಲ್ಲ. ಹಾವು ಕಚ್ಚಿದವನನ್ನು ಹೊತ್ತು ತಂದರೂ ಅವಳ ಕೈ ನಡುಗುವುದಿಲ್ಲ. ಆದರೆ ನೆಲ ಸರಿಯಾಗಿ ಒರೆಸು ಅಂತ ಆಯಾಗೆ ಹೇಳಬೇಕೆಂದರೆ ಬೆವರುತ್ತಾಳೆ!

ಇಂಥವಳು ಒಂದು ಭಾನುವಾರ ಕ್ಲಿನಿಕ್ಕು ಮುಚ್ಚಿ ತುಮಕೂರಿಗೆ ಹೋಗಿ, ಸಿಬ್ಬಂದಿಯನ್ನು ನಡೆಸಿಕೊಳ್ಳುವುದು ಹೇಗೆ ಅನ್ನುವ ತರಬೇತಿಯಲ್ಲಿ ಕೂತು ಬಂದಳು. "ಯಾರನ್ನೂ ನಾಲ್ಕು ಜನದ ಎದುರಿಗೆ ಅನ್ನಬಾರದಂತೆ ಕಣೇ. ಬರೆದು ಕೊಡಬೇಕಂತೆ. ಅವರ ಮಾನವೂ ಉಳೀತದೆ, ನನ್ನ ಬಾಯೂ ಉಳೀತದೆ" ಎಂದಳು. ಮಾರನೆಯ ದಿನದಿಂದ ಶುರುವಾಯಿತು. ತಪ್ಪು ಮಾಡಿದವರನ್ನು ಒಳಗೆ ಕರೆಯುವುದು, ಔಷಧಿ ಬರೆಯುವ ಚೀಟಿಯ ಮೇಲೆಯೇ ಬೈಗುಳ ಬರೆಯುವುದು, ಮಡಚಿ ಕೈಗಿಡುವುದು!

ಯೋಜನೆ ಚೆನ್ನಾಗಿತ್ತು. ಒಂದೇ ಒಂದು ಕೊರತೆ: ಅಕ್ಕನ ಬರಹ ಭೂಮಿಯ ಮೇಲೆ ಒಬ್ಬರಿಗೆ ಬಿಟ್ಟರೆ ಯಾರಿಗೂ ಓದಲು ಬರುವುದಿಲ್ಲ. ಆ ಒಬ್ಬರು ಪಕ್ಕದ ಮೆಡಿಕಲ್ ಶಾಪಿನ ರಾಜಣ್ಣ. ರಾಜಣ್ಣನಿಗೆ ಕಿವಿ ಮಂದ. ಹಾಗಾಗಿ ಅವರು ಮೆತ್ತಗೆ ಮಾತಾಡುವುದನ್ನು ಮರೆತು ಎಷ್ಟೋ ಕಾಲವಾಯಿತು.

ಮೊದಲ ಚೀಟಿ ನಮ್ಮ ನರ್ಸು ಮಂಜುಳಾಗೆ. ಕೊತ್ತಗೆರೆಯಿಂದ ಬರುವ ಹುಡುಗಿ, ಕೆಲಸದಲ್ಲಿ ಚುರುಕು, ಬರುವುದರಲ್ಲಿ ತಡ. ರಾಜಣ್ಣ ಕನ್ನಡಕ ಏರಿಸಿ, ಸಾಲಿನಲ್ಲಿದ್ದ ಇಪ್ಪತ್ತು ಜನಕ್ಕೂ ಕೇಳುವ ಹಾಗೆ ಓದಿದರು: "ಎಂಟು ಗಂಟೆ ಬಸ್ಸು. ದಿನಕ್ಕೊಂದು. ತಿಂಡಿಗೆ ಮುಂಚೆ. ತಪ್ಪಿಸಬಾರದು."

ಸಾಲಿನಲ್ಲಿದ್ದ ಕೊತ್ತಗೆರೆಯ ಅಜ್ಜಿಯೊಬ್ಬರಿಗೆ ತಡೆಯಲಾಗಲಿಲ್ಲ. "ಎಂಟು ಗಂಟೆಗೆ ನಮ್ಮೂರ್ಗೆ ಬಸ್ಸೆಲ್ಲೈತೆ ಬುಡವ್ವ! ಎಂಟೂಕಾಲಿಂದು ಬರ್ಕೊಡು ಅನ್ನು."

ಮಂಜುಳಾ ಸೀದಾ ಒಳಗೆ ಹೋದಳು. "ಮೇಡಂ, ನೀವು ಬರ್ದಿರೋದು ಎಲ್ಲೂ ಸಿಗ್ತಿಲ್ಲ. ಬದಲಿ ಬರ್ಕೊಡಿ."

ಅಕ್ಕ ಗಂಭೀರವಾಗಿ ಯೋಚಿಸಿ ಬದಲಿ ಬರೆದುಕೊಟ್ಟಳು!

ಎರಡನೆಯದು ಇನ್ನೂ ಚೆಂದ. ಆಯಾಗೆ ಬರೆದ ಚೀಟಿ ಅದಲುಬದಲಾಗಿ ಮಂಡಿ ನೋವೆಂದು ಬಂದಿದ್ದ ಮಾರ್ಕೋನಹಳ್ಳಿಯ ಯಜಮಾನರೊಬ್ಬರ ಕೈ ಸೇರಿತು. ರಾಜಣ್ಣ ಇದ್ದದ್ದನ್ನು ಇದ್ದ ಹಾಗೆ ಓದಿದರು: "ನೆಲ ಎರಡು ಹೊತ್ತು ಒರೆಸಬೇಕು. ಮೂಲೆ ಬಿಡಬಾರದು. ಏಳು ದಿನ." ಎಂಟನೆಯ ದಿನ ಯಜಮಾನರು ಹೆಂಡತಿ ಸಮೇತ ಬಂದರು. ಮಂಡಿ ಹಾಗೇ ಇತ್ತು. ಆದರೆ ಹೆಂಡತಿ ಅಕ್ಕನ ಕೈ ಹಿಡಿದುಕೊಂಡು, "ನೋವಿಗೆ ಬೇಕಾದ್ರೆ ಬ್ಯಾರೆ ಬರೀರಿ ಡಾಕ್ಟ್ರಮ್ಮ, ಆ ಹಳೇದನ್ನ ಮಾತ್ರ ನಿಲ್ಲಿಸ್ಬ್ಯಾಡಿ" ಎಂದರು.

ಇಷ್ಟಾದರೂ ಅಕ್ಕನಿಗೆ ಮಾತ್ರ ತನ್ನ ಚೀಟಿಗಳೆಲ್ಲ ಗುಟ್ಟಾಗಿಯೇ ತಲುಪುತ್ತಿವೆ ಅನ್ನುವ ನಂಬಿಕೆ. ಹೇಳುವವರು ಯಾರು? ನಾವೂ ಅವಳ ಹಾಗೇ ಪುಕ್ಕಲರು. ಜೊತೆಗೆ, ನಿಜ ಹೇಳಬೇಕೆಂದರೆ, ಬೇರೆಯವರ ಚೀಟಿ ಕೇಳುವುದು ನನಗೂ ಮಜವಾಗಿಯೇ ಇತ್ತು.

ನಿನ್ನೆ ನನ್ನ ಸರದಿ ಬಂತು.

ನಿನ್ನೆ ಆಯಾ ರಜ, ಮಂಜುಳಾಗೆ ಜ್ವರ. ಟೋಕನ್ನು, ಫೋನು, ತೂಕ, ಬಿ.ಪಿ., ಕಸ, ಎಲ್ಲ ನಾನೊಬ್ಬಳೇ. ಹನ್ನೆರಡು ಗಂಟೆಗೆ ಯಾರೋ ಸಾಲು ಮುರಿದು ಬಂದರು, ನಾನು ರೇಗಿದೆ. ಸಂಜೆ ಕೈಗೆ ಚೀಟಿ ಬಂತು. ತಂಗಿಯಾದರೇನು, ನನಗೂ ಓದಲು ಬರುವುದಿಲ್ಲ. ರಾಜಣ್ಣ ಓದಿದರು: "ಟೋಕನ್ ಮೇಜಿನಲ್ಲಿ ಸಿಡುಕು ಕಾಣುತ್ತಿದೆ. ದಿನಕ್ಕೆ ಮೂರು ಸಲ ನಗಬೇಕು. ಊಟದ ನಂತರ."

ಸಾಲಿಗೆ ಸಾಲೇ ನಕ್ಕಿತು. ನಾನು ನಗಲಿಲ್ಲ. ಊಟವೇ ಮಾಡಿರಲಿಲ್ಲ.

ಇವತ್ತು ಬೆಳಿಗ್ಗೆ ಅಕ್ಕ ನನ್ನ ರಾಜೀನಾಮೆ ಪತ್ರವನ್ನು ಎರಡು ಸಲ ಓದಿ, ಇಡ್ಲಿ ಬದಿಗೆ ಸರಿಸಿ, ನನ್ನ ನಾಡಿ ಹಿಡಿದಳು.

"ಎಷ್ಟು ದಿನದಿಂದ ಹಿಂಗಿದೆ?"

"ಹನ್ನೊಂದು ವರ್ಷದಿಂದ."

"ನಿದ್ದೆ ಬರ್ತದಾ? ಹಸಿವು?"

"ಅಕ್ಕ, ನಾನು ಕೆಲಸ ಬಿಡ್ತಿದೀನಿ ಕಣೇ! ಕಾಯಿಲೆ ಅಲ್ಲ ಇದು! ಗುಬ್ಬಿಗೆ, ಮಗಳ ಮನೆಗೆ ಹೋಗ್ತೀನಿ."

ಅವಳು ಚೀಟಿ ಎಳೆದುಕೊಂಡು ಬರೆಯತೊಡಗಿದಳು. ನನಗೆ ಎಲ್ಲಿತ್ತೋ ಸಿಟ್ಟು, ಪೆನ್ನು ಕಿತ್ತುಕೊಂಡೆ. "ನೀನು ಬರೆಯೋದು ಯಾರಿಗೂ ಓದಕ್ಕಾಗಲ್ಲ ಅಕ್ಕ. ರಾಜಣ್ಣ ಓದ್ತಾರೆ. ಜೋರಾಗಿ. ಎಲ್ಲರ ಮುಂದೆ. ಮೊದಲನೇ ಚೀಟಿಯಿಂದ್ಲೂ."

ಅಕ್ಕನ ಮುಖ ಬಿಳಿಚಿಕೊಂಡಿತು. "ಮಂಜುಳಾದೂ?"

"ಮಂಜುಳಾದೂ."

"ನಿಂದೂ?"

ನಾನು ಕಿತ್ತುಕೊಂಡಿದ್ದ ಪೆನ್ನನ್ನು ಅವಳ ಮುಂದಿಟ್ಟೆ. ಅವಳು ಆರಿದ ಇಡ್ಲಿಯನ್ನು ಹಾಗೇ ಬಿಟ್ಟು ಕೆಳಗಿಳಿದು ಹೋದಳು. ಬೆಳಗಿನ ರೋಗಿಗಳನ್ನು ಇಬ್ಬರೂ ಮಾತಿಲ್ಲದೆ ಮುಗಿಸಿದೆವು.

ಸಂಜೆ ನಾಲ್ಕಕ್ಕೆ ನಾನು ಇಳಿಯಲು ಹೊರಟರೆ, "ನೀನು ಮೇಲೇ ಇರು" ಎಂದು ಅಕ್ಕ ತಾನೇ ಟೋಕನ್ ಮೇಜಿಗೆ ಹೋಗಿ ಕೂತಳು. ಅರ್ಧ ಗಂಟೆ ಟೋಕನ್ ಹಂಚಿ, ಆಮೇಲೆ ಒಳಗೆ ಹೋಗಿ ರೋಗಿಗಳನ್ನು ನೋಡುವುದು ಅವಳ ಲೆಕ್ಕ. ನಾನು ಜಗುಲಿಯ ಮೇಜು ಕಾಣುವ ಕಿಟಕಿಯ ಹತ್ತಿರ ನಿಂತೆ. ಬೇಳೆ ಆರಿಸುವುದಿತ್ತು, ಅದಕ್ಕೆ.

ಹತ್ತು ನಿಮಿಷದಲ್ಲಿ ಏಳನೇ ನಂಬರಿನವರು ಇಬ್ಬರಾದರು. ಫೋನು ಬಡಿದುಕೊಂಡು ಸುಮ್ಮನಾಯಿತು. ಬಿಳಿ ಕೋಟಿಲ್ಲದ ಅಕ್ಕನನ್ನು ಯಾರೂ ಗುರುತಿಸಲಿಲ್ಲ. ಮುದುಕರೊಬ್ಬರು ಕೇಳಿದರು: "ಹೊಸಬ್ರಾ ನೀವು? ಆ ಯಮ್ಮ ಎಲ್ಲಿ?"

"ಅವ್ರು ರಜ. ಅವ್ರು ಸಿಡುಕ್ತಾರಲ್ಲ, ನಾನಿದ್ರೆ ಆಗಲ್ವಾ?" ಎಂದಳು ಅಕ್ಕ.

"ಸಿಡುಕ್ತಾರೆ ಕಣವ್ವ, ಇಲ್ಲ ಅನ್ನಲ್ಲ. ಆದ್ರೆ ನನ್ ಮೊಮ್ಮಗೀಗೆ ಜ್ವರ ಬುಡ್ತಾ ಅಂತ ಕೇಳೋರೂ ಅವ್ರೇಯ. ನೀವು ಬರೀ ನಂಬರ್ ಕೊಟ್ರಿ."

ಅಕ್ಕ ಕೈಯಲ್ಲಿದ್ದ ಟೋಕನ್ನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನಾನು ಬೇಳೆಯ ಮೊರವನ್ನು ಕೆಳಗಿಟ್ಟು ಇಳಿದುಬಂದೆ. ಏಳನೇ ನಂಬರಿನ ಜಗಳ ಬಿಡಿಸಬೇಕಿತ್ತಲ್ಲ!

ಬಾಗಿಲು ಹಾಕುವ ಹೊತ್ತಿಗೆ ಅಕ್ಕ ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟು, ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು. ಇದನ್ನು ರಾಜಣ್ಣನ ಹತ್ತಿರ ಒಯ್ಯಬೇಕಾಗಲಿಲ್ಲ. ಚಿಕ್ಕಂದಿನಲ್ಲಿ ನನ್ನ ಕೈ ಹಿಡಿದು ತಿದ್ದಿಸುತ್ತಿದ್ದಳಲ್ಲ, ಅದೇ ದುಂಡನೆಯ ಅಕ್ಷರ. ಒಂದೊಂದಕ್ಕೂ ಎಷ್ಟು ಹೊತ್ತು ಹಿಡಿಸಿತ್ತೋ!

'ಹೆಸರು: ನಾನು. ತೊಂದರೆ: ತಂಗಿ ದಣಿದಿರುವುದು ಕಾಣಿಸಲಿಲ್ಲ. ಎಷ್ಟು ದಿನದಿಂದ: ಹನ್ನೊಂದು ವರ್ಷ. ಔಷಧಿ:'

ಅಲ್ಲಿಗೆ ನಿಂತಿತ್ತು. ಮುಂದಕ್ಕೆ ಅವಳಿಗೂ ಗೊತ್ತಿರಲಿಲ್ಲ.

ನಾನು ಪೆನ್ನು ತೆಗೆದು, 'ಭಾನುವಾರ ಕ್ಲಿನಿಕ್ಕಿಗೆ ರಜ. ಮೇಜಿಗೆ ಇನ್ನೊಬ್ಬರು. ಬೈಯುವುದಿದ್ದರೆ ಬಾಯಲ್ಲಿ, ಬಾಗಿಲು ಹಾಕಿಕೊಂಡು' ಅಂತ ಬರೆದು ಮೇಲೆ ಹೋಗಿ ಕೊಟ್ಟೆ. ಅಕ್ಕ ಕನ್ನಡಕ ಒರೆಸಿಕೊಂಡು ಓದಿದಳು.

"ಎಷ್ಟು ದಿನ ತಗೋಬೇಕು?"

"ಬಿ.ಪಿ. ಮಾತ್ರೆ ಥರ. ಬದುಕಿರೋ ತನಕ. ನಡುವೆ ನಿಲ್ಲಿಸಂಗಿಲ್ಲ."

"ನೀನೇ ಬಂದು ಚೆಕ್ ಮಾಡ್ಬೇಕಾಗ್ತದೆ" ಎಂದಳು.

"ಮಾಡ್ತೀನಿ, ಎಲ್ಲಿಗೆ ಹೋಗ್ಲಿ?" ಎಂದೆ. ಬೆಳಗಿನ ಪತ್ರ ಇನ್ನೂ ಇಡ್ಲಿ ತಟ್ಟೆಯ ಪಕ್ಕದಲ್ಲೇ ಇತ್ತು. ಅದನ್ನು ಮಡಚಿ, ಅಲುಗಾಡುತ್ತಿದ್ದ ಊಟದ ಮೇಜಿನ ಕಾಲಿನ ಕೆಳಗೆ ಒತ್ತಿಟ್ಟೆ.

ರಾತ್ರಿ ಮುದ್ದೆ, ಹುರುಳಿಕಾಳು ಸಾರು. ಮುದ್ದೆ ತಿರುವಿದ್ದು ಅಕ್ಕ, ಗಂಟು ಗಂಟಾಗಿತ್ತು, ಇಬ್ಬರೂ ತಿಂದೆವು. ಊಟದ ನಂತರ ನಾನು ಒಂದು ಸಲ ನಕ್ಕೆ. ಪಾತ್ರೆ ತೊಳೆದು ದೀಪ ಆರಿಸಿದ್ದು ಅವಳು. ಮೊದಲು ಮಲಗಿದ್ದು ನಾನು.