ನಾಲ್ಕೇ ಸೆಕೆಂಡು ಎಚ್ಚರವಿರುವ ನಮ್ಮ ಕಾರಿನ ಸನ್ನಿಧಿಗೆ

ಮಾನ್ಯರೇ,

ಹದಿನೇಳು ವರ್ಷಗಳ ಸೇವೆಯಿಂದ ಬಣ್ಣ ಮಾಸಿದರೂ ಗಾಂಭೀರ್ಯ ಮಾಸದ ತಮಗೂ, ತಮ್ಮ ನಾಲ್ಕೂ ಚಕ್ರಗಳಿಗೂ, ಒಳಗಿನಿಂದ ಮಾತ್ರ ತೆರೆದುಕೊಳ್ಳುವ ತಮ್ಮ ಎಡಗಡೆಯ ಹಿಂಬಾಗಿಲಿಗೂ ನಮಸ್ಕಾರಗಳು. ಐವತ್ತೊಂದನೆಯ ವಯಸ್ಸಿನಲ್ಲಿ, ಮೂರನೆಯ ಪ್ರಯತ್ನಕ್ಕೆ ಲೈಸೆನ್ಸ್ ಪಡೆದ ನಾನು, ಕಳೆದ ವಾರದ ತಮ್ಮ ನಡವಳಿಕೆಯ ಬಗ್ಗೆ ಎರಡು ಮಾತು ಬಿನ್ನವಿಸಿಕೊಳ್ಳುತ್ತಿದ್ದೇನೆ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದ ನನ್ನನ್ನು ಊರಾಚೆಯ ಹೊಸ ಕಟ್ಟಡಕ್ಕೆ ಮೇಲ್ವಿಚಾರಕಿಯಾಗಿ ನೇಮಿಸಿದ್ದು ತಮಗೆ ಗೊತ್ತೇ ಇದೆ. ಸೋಮವಾರದಿಂದ ಮೊದಲ ಪಾಳಿ, ಬೆಳಿಗ್ಗೆ ಆರಕ್ಕೆ. ಆ ಕಡೆಯ ಮೊದಲ ಬಸ್ಸು ಏಳಕ್ಕೆ. ಮಂಡಿಯ ಶಸ್ತ್ರಚಿಕಿತ್ಸೆಯಾದ ನಮ್ಮ ಮನೆಯವರು ನಾಲ್ಕು ತಿಂಗಳಿಂದ ತಮ್ಮನ್ನು ಮುಟ್ಟಿಲ್ಲವಾದ್ದರಿಂದ, ಬುಧವಾರ ನಾನೇ ತಮ್ಮ ಹೊದಿಕೆ ಸರಿಸಿ ಕೀಲಿ ತಿರುಗಿಸಿದೆ. ತಾವು ಎಷ್ಟು ಹುರುಪಿನಿಂದ ಎದ್ದಿರೆಂದರೆ ನನ್ನ ಕಣ್ಣು ತುಂಬಿ ಬಂತು. ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ತಾವು ಒಮ್ಮೆ ಮೈ ಕೊಡವಿ ಮಲಗಿಬಿಟ್ಟಿರಿ. ಮತ್ತೆ ಮತ್ತೆ ಎಬ್ಬಿಸಿದೆ; ಹನ್ನೊಂದು ಸಲವೂ ನಾಲ್ಕೇ ಸೆಕೆಂಡು ಎಂದು ಮೈದುನ ಮೊಬೈಲಿನಲ್ಲಿ ಅಳೆದು ಘೋಷಿಸಿದ. ಇಷ್ಟು ಶಿಸ್ತು ನಮ್ಮ ಮನೆಯಲ್ಲಿ ಇನ್ನಾರಿಗೂ ಇಲ್ಲ.

ಆಮೇಲೆ ತಮಗೆ ಆದ ಉಪಚಾರ ಅಷ್ಟಿಷ್ಟಲ್ಲ. ಮೈದುನ ಬ್ಯಾಟರಿಯ ತುದಿಗಳನ್ನು ಉಜ್ಜಿದ, ಏರ್ ಫಿಲ್ಟರನ್ನು ಗೋಡೆಗೆ ಬಡಿದು ಧೂಳು ಕೊಡವಿದ, ಹಳೆಯ ಪೆಟ್ರೋಲ್ ತೆಗೆದು ಹೊಸದು ಸುರಿದ. ಮನೆಯವರು ಮಾತ್ರ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, "ಕ್ಲಚ್ ಬಿಡೋ ರೀತಿನೇ ಸರಿಯಿಲ್ಲ ಕಣೇ ನಿಂದು" ಎಂದು ಒಂದೇ ಮಾತಿನಲ್ಲಿ ರೋಗ ಪತ್ತೆ ಹಚ್ಚಿದರು. ಗೇರು ನ್ಯೂಟ್ರಲ್‌ನಲ್ಲಿದೆಯೆಂದರೂ ಕೇಳದಿದ್ದಾಗ, ನಾನು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕೀಲಿ ತಿರುಗಿಸಿ ತೋರಿಸಿದೆ. ಆಗಲೂ ತಾವು ನಾಲ್ಕೇ ಸೆಕೆಂಡಿಗೆ ನಿಂತಿರಿ. ಹಾಗಾದರೆ ಕೀಲಿ ತಿರುಗಿಸುವ ರೀತಿಯೇ ಸರಿಯಿಲ್ಲವೆಂದು ತೀರ್ಪಾಯಿತು.

ಶನಿವಾರ ಮನೆಯವರು, ಕೌಟುಂಬಿಕ ಕಾರಣಗಳಿಂದ ಹೊಸ ಹುದ್ದೆಯನ್ನು ಒಪ್ಪಲಾಗುತ್ತಿಲ್ಲವೆಂದು ನನ್ನ ಪರವಾಗಿ ಒಂದು ಪತ್ರ ಬರೆದು, ಸಹಿಗೆಂದು ಪೆನ್ನನ್ನೂ ಅದರ ಮೇಲಿಟ್ಟರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ತಾವು ಅಷ್ಟು ದಿನವೂ ಅಂಗಳದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಿರಿ.

ಭಾನುವಾರ ಬಂದ ಗ್ಯಾರೇಜಿನ ಮೇಸ್ತ್ರಿ ಬಾನೆಟ್ಟನ್ನು ಎತ್ತಲೂ ಇಲ್ಲ. ನನಗೆ ಕೀಲಿ ತಿರುಗಿಸಲು ಹೇಳಿ, ತಮ್ಮ ಹಿಂದೆ ಹೊಗೆ ಬರುವ ಕಡೆ ಅಂಗೈ ಹಿಡಿದು, "ಅಮ್ಮಾ, ಗಾಡಿಗೆ ಏನೂ ಆಗಿಲ್ಲ, ಪಾಪ, ಉಸಿರು ಬಿಡೋಕೆ ಜಾಗ ಇಲ್ಲ ಅಷ್ಟೆ" ಎಂದು ಹೊಗೆ ಕೊಳವೆಯೊಳಗೆ ಇಕ್ಕಳ ಹಾಕಿ ಒಂದು ಬಟ್ಟೆಯ ಉಂಡೆ ಎಳೆದ. ಮಸಿ ಹಿಡಿದಿದ್ದರೇನು, ಬಟ್ಟೆಯ ಗುರುತು ನನಗೆ ತಪ್ಪೀತೇ? ಅದು ನಮ್ಮದೇ ದಿಂಬಿನ ಕವರು. ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಗೆ ಹೊರಡುವ ಮುನ್ನ ಅದನ್ನು ಸ್ವಂತ ಕೈಯಾರೆ ಬಿಗಿಯಾಗಿ ತುರುಕಿ ಮರೆತವರು ಮನೆಯವರು. "ಇಲಿ ಹೋಗಬಾರದು ಅಂತ..." ಎಂದವರೇ ತಮ್ಮ ಮಂಡಿಯನ್ನು ನೋಡಿಕೊಂಡರು, ತಪ್ಪು ಅದರದ್ದೇ ಎಂಬಂತೆ.

ನನ್ನ ದೂರು ಇಷ್ಟೇ: ತಮಗೆ ಎಲ್ಲ ಗೊತ್ತಿತ್ತು. ತುರುಕಿದ ಕೈ ಯಾವುದೆಂದೂ ಗೊತ್ತಿತ್ತು. ಆದ್ದರಿಂದ ಇನ್ನು ಮುಂದೆ ಇಂಥ ಸಂದರ್ಭ ಬಂದಾಗ ತಾವೇ ಹಾರ್ನ್ ಬಾರಿಸಿ ಮನೆಮಂದಿಯನ್ನು ಕರೆಯಬೇಕೆಂದೂ, ಹೆಡ್‌ಲೈಟನ್ನು ತಪ್ಪಿತಸ್ಥರ ಮುಖಕ್ಕೆ ನೇರವಾಗಿ ಬಿಡಬೇಕೆಂದೂ, ನನ್ನ ಕಡೆ ಯಾರಾದರೂ ಬೆರಳು ತೋರಿಸಿದರೆ ಎರಡೂ ವೈಪರುಗಳನ್ನು ಅಡ್ಡಡ್ಡ ಆಡಿಸಿ ಅಲ್ಲವೆಂದು ಹೇಳಬೇಕೆಂದೂ ಕೋರುತ್ತೇನೆ.

ಸೋಮವಾರ ತಾವು ದಾರಿಯುದ್ದಕ್ಕೂ ಒಮ್ಮೆಯೂ ನಿಲ್ಲದೆ, ಆರಕ್ಕೆ ಇನ್ನೂ ಆರು ನಿಮಿಷವಿರುವಾಗಲೇ ನನ್ನನ್ನು ಲಾಂಡ್ರಿಯ ಬಾಗಿಲಿಗೆ ಮುಟ್ಟಿಸಿದಿರಿ. ಆ ಸಂತೋಷಕ್ಕೆ ನಾನು ತಕ್ಷಣ ಇಳಿಯಲೇ ಇಲ್ಲ, ಸ್ಟಿಯರಿಂಗ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿದ್ದೆ.

ತಮ್ಮ ವಿಶ್ವಾಸಿ,
ಮೊದಲ ಪಾಳಿಯ ಮೇಲ್ವಿಚಾರಕಿ

ತಾ.ಕ.: ಮನೆಯವರ ಮಂಡಿಗೆ ವ್ಯಾಯಾಮ ಮಾಡಿಸುವ ವಿಭಾಗವೂ ಅದೇ ಹೊಸ ಕಟ್ಟಡದಲ್ಲಿರುವುದರಿಂದ, ಗುರುವಾರದಿಂದ ಅವರು ನನ್ನ ಪಕ್ಕದ ಸೀಟಿನಲ್ಲಿ ಬರಲಿದ್ದಾರೆ. ಅವರ ಸಮಯ ಒಂಬತ್ತಕ್ಕಾದರೂ ಹೊರಡುವುದು ನನ್ನ ಸಮಯಕ್ಕೆ. ಈ ಪತ್ರವನ್ನು ಅವರ ಕಣ್ಣಿಗೆ ನೇರವಾಗಿ, ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೇನೆ. ಓದಿ ಮುಗಿಸಿದ ಮೇಲೆ ಯಾರಲ್ಲಿ ಕ್ಷಮೆ ಕೇಳಬೇಕೆಂದು ಅವರಿಗೆ ಅನುಮಾನ ಬಂದರೆ, ತಮ್ಮಲ್ಲಲ್ಲ, ತಮ್ಮನ್ನು ಓಡಿಸುತ್ತಿರುವವಳಲ್ಲಿ ಎಂದು ದಯವಿಟ್ಟು ತಿಳಿಸುವುದು.